ಹೆಗಲ ಮೇಲೆ ಎರಡು ಬೆರಳು

ಯಾವುದನ್ನು ಹಿಂಬಾಲಿಸಬೇಕು, ಧ್ವನಿಯನ್ನೋ ಚಿತ್ರವನ್ನೋ ಎಂಬ ಪ್ರಶ್ನೆ ಪರದೆಯ ಮೇಲಿನ ಚಿಕ್ಕ ಚೌಕದೊಳಗೆ ಬೆಳಗಿನಿಂದ ಹಾಗೇ ಕೂತಿತ್ತು. ಎರಡರಲ್ಲಿ ಒಂದನ್ನು ಒತ್ತಿದರೆ ಮುಗಿಯಿತು. ಬೇರೆ ಯಾರ ವಿಡಿಯೋ ಆಗಿದ್ದರೂ ಅವನು ಕಣ್ಣು ಮುಚ್ಚಿ ಧ್ವನಿ ಎಂದು ಒತ್ತಿ ಚಹಾ ಕುಡಿಯಲು ಎದ್ದುಹೋಗುತ್ತಿದ್ದ. ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಅಂಗಡಿಗಳ ಗೋಡೆಗೆ, ನಾಟಕದ ಹಿಂಪರದೆಗೆ, ಕಂಪನಿಗಳ ಸ್ವಾಗತದ ಕೋಣೆಗೆ ಓಡುವ ಚಿತ್ರಗಳನ್ನು ಹೊಂದಿಸಿಕೊಡುವುದು ಅವನ ಕಸುಬು. ಸಾಲುಸಾಲು ಅಕ್ಷರ ಬರೆದು ಕಂಪ್ಯೂಟರಿಗೆ ಹೇಳುವ ಬದಲು ಪರದೆಯ ಮೇಲೆ ಚೌಕಗಳನ್ನಿಟ್ಟು, ಚೌಕದಿಂದ ಚೌಕಕ್ಕೆ ಗೆರೆ ಎಳೆದು ಹೇಳುವ ಪದ್ಧತಿ ಅದು. ಒಂದು ಚೌಕ ವಿಡಿಯೋ ತೆರೆಯುತ್ತದೆ, ಒಂದು ಬಣ್ಣ ತಿದ್ದುತ್ತದೆ, ಒಂದು ಗೋಡೆಯ ಅಳತೆಗೆ ಹಿಗ್ಗಿಸುತ್ತದೆ. ನಡುವಿನ ಗೆರೆಗಳಲ್ಲಿ ಚಿತ್ರ ಹರಿಯುತ್ತದೆ. ನೋಡಿದವರು ಇದೇನು ಮಕ್ಕಳಾಟ ಎನ್ನುತ್ತಾರೆ. ಅವನಿಗೂ ಹಾಗೇ ಅನ್ನಿಸಿಯೇ ಈ ಕೆಲಸ ಹಿಡಿದದ್ದು. ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ, ಯಾರ ಪರವಾಗಿಯೂ ಮಾತಾಡಬೇಕಾಗಿಲ್ಲ, ಗೆರೆ ಎಳೆದರೆ ಸಾಕು. ಆದರೆ ಇವತ್ತಿನ ಚೌಕದೊಳಗೆ ಅಕ್ಕ ಇದ್ದಳು.

ಅವನು ಕೂತಿದ್ದದ್ದು ಒಂದು ಕಾಲಕ್ಕೆ ದಿನಪತ್ರಿಕೆ ಅಚ್ಚಾಗುತ್ತಿದ್ದ ಮೆಷಿನ್ ಹಾಲ್‌ನಲ್ಲಿ. ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿ ವರ್ಷಗಳಾಗಿದ್ದವು. ನೆಲದಲ್ಲಿ ಅದರ ಕಾಲುಗಳನ್ನು ಬಿಗಿದಿದ್ದ ಬೋಲ್ಟುಗಳ ಕುಳಿ, ಎಷ್ಟು ಉಜ್ಜಿದರೂ ಬಿಡದ ಮಸಿ; ಗೋಡೆಗಳಿಗೆ ಮಾತ್ರ ಹೊಸ ಬಿಳಿ ಬಣ್ಣ. ನಾಳೆ ಇಲ್ಲಿ ಪ್ರದರ್ಶನ ಶುರು. ಇಲ್ಲಿ ದುಡಿದವರು ಗೋಡೆಯುದ್ದಕ್ಕೂ ಪರದೆಗಳಲ್ಲಿ ಆಳೆತ್ತರಕ್ಕೆ ನಿಂತು ತಮ್ಮ ತಮ್ಮ ಕಥೆ ಹೇಳುತ್ತಾರೆ. ಅವರಲ್ಲಿ ಒಬ್ಬಳು ಅಕ್ಕ. ಯಂತ್ರದ ಬಾಯಿಂದ ಮಡಚಿಕೊಂಡು ಬೀಳುವ ಪತ್ರಿಕೆಗಳನ್ನು ಒಟ್ಟುಮಾಡಿ, ಅಂಚು ತಟ್ಟಿ, ಕಟ್ಟು ಕಟ್ಟುವ ಕೆಲಸ ಅವಳದು. ಮದುವೆ ಬೇಡ ಎಂದವಳು ಆ ಕೆಲಸವನ್ನು ಮಾತ್ರ ಮುದ್ರಣಾಲಯ ಮುಚ್ಚುವವರೆಗೂ ಬಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು. ಸನ್ನೆ ಕಲಿಸುವ ಶಾಲೆಗೆ ಯಾರೂ ಕಳಿಸಲಿಲ್ಲ. ಅವಳ ಕೈಮಾತು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಬೆಳೆದದ್ದು. ಅಪ್ಪ ಅಮ್ಮ ಹೋದಮೇಲೆ ಅದನ್ನು ಪೂರ್ತಿ ಬಲ್ಲವನು ತಮ್ಮನೊಬ್ಬನೇ ಉಳಿದ. ಆದ್ದರಿಂದ ಅವಳ ವಿಡಿಯೋ ತೆಗೆದವನೂ ಅವನೇ, ಅವಳ ಕೈಗೆ ಧ್ವನಿ ಕೊಟ್ಟವನೂ ಅವನೇ, ಈಗ ಎರಡನ್ನೂ ಗೆರೆ ಎಳೆದು ಕೂಡಿಸಬೇಕಾದವನೂ ಅವನೇ. "ಒಂದೇ ಮನೇಲಿ ಎಲ್ಲ ಕೆಲಸ ಮುಗೀತು ನೋಡಿ," ಎಂದು ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಮೇಡಂ ನಕ್ಕಿದ್ದರು. ಆಗ ಅವನೂ ನಕ್ಕಿದ್ದ.

ಎಲ್ಲ ಪರದೆಗಳಿಗೂ ಸೇರಿ ಒಂದೇ ಕಂಪ್ಯೂಟರು, ಅದೂ ಅವನು ಕೇಳಿದ್ದಲ್ಲ, ಸಿಕ್ಕಿದ್ದು. ವಿಡಿಯೋವನ್ನು ಪೂರ್ತಿಯಾಗಿ ಮೆಮೊರಿಯಲ್ಲಿ ಇಟ್ಟುಕೊಂಡರೆ ಅದು ತಡವರಿಸದೆ ಓಡುತ್ತದೆ. ಉಳಿದವರದನ್ನೆಲ್ಲ ಹಾಗೇ ಇಟ್ಟಿದ್ದ. ಅಕ್ಕನದು ಹಿಡಿಸಲಿಲ್ಲ. ಬೆರಳಿನ ಒಂದು ಕದಲಿಕೆಯೂ ಮಸುಕಾಗಬಾರದೆಂದು ಅವಳನ್ನು ಮಾತ್ರ ಅವನು ಸೆಕೆಂಡಿಗೆ ಎರಡರಷ್ಟು ಫ್ರೇಮು, ಅಂದರೆ ಬಿಡಿಚಿತ್ರಗಳು, ಬರುವಂತೆ ತೆಗೆದಿದ್ದ, ಆ ಕಾಳಜಿಯೇ ಈಗ ಭಾರವಾಗಿ ಕೂತಿತ್ತು. "ಹಾಗಾದ್ರೆ ಕತ್ತರಿಸಿ, ಅರ್ಧ ಸಾಕು," ಎಂದಿದ್ದರು ಮೇಡಂ. ಕತ್ತರಿಸುವುದು ಬೇಡವೆಂದರೆ ಡಿಸ್ಕಿನಿಂದ ಓದಿಕೊಳ್ಳುತ್ತಲೇ ಆಡಿಸಬೇಕು, ಹಾಗೆ ಆಡಿಸುವಾಗ ಚೌಕ ಆ ಪ್ರಶ್ನೆ ಕೇಳುತ್ತದೆ. ಧ್ವನಿಯನ್ನು ಹಿಂಬಾಲಿಸು ಎಂದರೆ ಧ್ವನಿ ನಿಲ್ಲದೆ ಹೋಗುತ್ತದೆ. ಚಿತ್ರ ಹಿಂದೆ ಬಿದ್ದರೆ, ಬಿದ್ದಷ್ಟು ಫ್ರೇಮುಗಳನ್ನು ಎಸೆದು ಹಾರಿ ಬಂದು ಜೊತೆಗೂಡುತ್ತದೆ. ಚಿತ್ರವನ್ನು ಹಿಂಬಾಲಿಸು ಎಂದರೆ ಒಂದು ಫ್ರೇಮನ್ನೂ ಬಿಡದೆ ತೋರಿಸುತ್ತದೆ. ಧ್ವನಿ ಒಂದು ವಾಕ್ಯ ಹೇಳಿ, ಕೈಗಳು ಮುಂದಿನ ವಾಕ್ಯಕ್ಕೆ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಇಷ್ಟೇ ವ್ಯತ್ಯಾಸ. ಎರಡಕ್ಕೂ ಒಂದೊಂದು ಗುಂಡಿ, ಎರಡೂ ಒಂದೇ ಅಳತೆಯವು, ಒಂದೇ ಬೂದು ಬಣ್ಣದವು.

ಮೊದಲು ಧ್ವನಿಯನ್ನು ಒತ್ತಿ ನೋಡಿದ್ದ. ಅವನದೇ ಗಂಟಲು ಹಾಲಿನ ತುಂಬ ಮೊಳಗಿತು, ಸದ್ದು ಹೀರುವ ಪ್ಯಾಡು ಬಡಿದ ರೆಕಾರ್ಡಿಂಗ್ ಕೋಣೆಯಲ್ಲಿ ನೀರು ಕುಡಿದು ಕುಡಿದು ಸರಿಮಾಡಿಕೊಂಡು ಮಾತಾಡಿದ ಗಂಟಲು. "ಇಲ್ಲಿ ನಾವೆಲ್ಲ ಒಂದು ಕುಟುಂಬದ ಹಾಗೆ ಇದ್ದೆವು." ಪರದೆಯಲ್ಲಿ ಅಕ್ಕನ ಕೈಗಳು ಎದೆಯ ಮುಂದಿನಿಂದ ತಲೆಯ ಮೇಲಕ್ಕೆ ಏರುತ್ತಿದ್ದವು, ಏರುವ ಮೊದಲೇ ಸೊಂಟದ ಹತ್ತಿರ ಇದ್ದವು. ನಡುವೆ ಅವು ಎಲ್ಲೂ ಇರಲಿಲ್ಲ. ಮತ್ತೊಂದು ವಾಕ್ಯ, ಮತ್ತೊಂದು ಹಾರಿಕೆ. ಕೇಳುವುದಕ್ಕೆ ಹಿತವಾಗಿಯೇ ಇತ್ತು. ಗೋಡೆಗೆ ಬಣ್ಣ ಹಚ್ಚುತ್ತಿದ್ದವನು ಏಣಿಯ ಮೇಲಿಂದ "ಚೆನ್ನಾಗಿದೆ ಸರ್" ಎಂದೂ ಹೇಳಿದ. ಆಮೇಲೆ ಚಿತ್ರವನ್ನು ಒತ್ತಿದ. "ಇಲ್ಲಿ ನಾವೆಲ್ಲ ಒಂದು ಕುಟುಂಬದ ಹಾಗೆ ಇದ್ದೆವು," ಎಂದ ಗಂಟಲು ಸುಮ್ಮನಾಯಿತು. ಅಕ್ಕನ ಕೈಗಳು ನಿಲ್ಲಲಿಲ್ಲ. ಏರಿದವು, ಅಗಲವಾದವು, ಯಾರನ್ನೋ ತೋರಿಸಿದವು, ಯಾರದೋ ನಡಿಗೆಯನ್ನು ಅಣಕಿಸಿದವು, ನಕ್ಕವು, ಒಂದರ ಮೇಲೊಂದು ಕೂತವು, ಮತ್ತೆ ಎದ್ದವು. ಹಾಲ್‌ನಲ್ಲಿ ದೀಪದ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೊಂದು ವಾಕ್ಯ ಬರುವ ಹೊತ್ತಿಗೆ ಅವನ ಕಿವಿಯ ತುದಿ ಬಿಸಿಯಾಗಿತ್ತು. ಎಷ್ಟು ಹೇಳಿದ್ದಳು, ಎಷ್ಟು ಹೇಳಿದ್ದ ಎಂಬುದನ್ನು ಆ ಮೌನ ಅಳೆದು ತೋರಿಸುತ್ತಿತ್ತು. ಆಗಲೇ ಮೇಡಂ ಬಾಗಿಲಿನಿಂದ ತಲೆ ಹಾಕಿ, "ಸೌಂಡ್ ಹೋಯ್ತಾ?" ಎಂದರು.

"ಹೋಗಿಲ್ಲ ಮೇಡಂ. ಕಾಯ್ತಿದೆ."

"ಅಯ್ಯೋ, ಕಾಯೋದು ಬೇಡ. ಜನ ಕೆಟ್ಟಿದೆ ಅನ್ಕೊಂಡು ಮುಂದಿನ ಪರದೆಗೆ ಹೋಗಿಬಿಡ್ತಾರೆ." ಅವರು ಒಳ್ಳೆಯವರೇ, ಅಕ್ಕನನ್ನು ಸೇರಿಸಲೇಬೇಕೆಂದು ಹಟ ಹಿಡಿದದ್ದೂ ಅವರೇ. "ನೋಡಿ, ನಿಮ್ಮ ಅಕ್ಕ ಬರ್ತಾರಲ್ಲ ಇವತ್ತು, ಅಷ್ಟರಲ್ಲಿ ಹೊಂದಿಸಿ. ಹೊಂದಲ್ಲ ಅಂದ್ರೆ ಆ ಪರದೇಲಿ ಹಳೇ ಫೋಟೋ ಹಾಕಿಬಿಡೋಣ. ಕೊನೇ ಗಳಿಗೇಲಿ ಮಾತ್ರ ಕೈಕೊಡಬೇಡಿ."

ಕೈಕೊಡುವುದು. ಮೇಡಂ ಹೋದಮೇಲೆ ಆ ಮಾತು ಅಲ್ಲೇ ಉಳಿಯಿತು. ಕೈಕೊಡುವುದೆಂದರೆ ನಡುದಾರಿಯಲ್ಲಿ ಬಿಟ್ಟುಹೋಗುವುದು, ಕೈಬಿಡುವುದೆಂದರೂ ಅದೇ. ಕೊಟ್ಟರೂ ತಪ್ಪು ಬಿಟ್ಟರೂ ತಪ್ಪು, ಎಂಥ ಭಾಷೆಯಪ್ಪ ಎಂದುಕೊಂಡ. ಅಕ್ಕನಿಗೆ ಇದನ್ನು ಹೇಳಿದರೆ ನಗುತ್ತಾಳೆ, ಹೇಳಬೇಕು. ಹೇಳುವುದಿಲ್ಲ ಎಂದೂ ಗೊತ್ತಿತ್ತು. ಇಂಥ ಎಷ್ಟು ನಗೆಗಳನ್ನು ಅವಳಿಗೆ ತಲುಪಿಸದೆ ಅವನೊಬ್ಬನೇ ನಕ್ಕು ಮುಗಿಸಿದ್ದ. ಊಟಕ್ಕೆ ಕೂತಾಗ ಅಪ್ಪ ಏನೋ ಹೇಳುತ್ತಿದ್ದರು, ಅಮ್ಮ ನಗುತ್ತಿದ್ದಳು, ಅವನಿಗೆ ಅನ್ನ ನೆತ್ತಿಗೇರುತ್ತಿತ್ತು. ಎದುರು ಕೂತ ಅಕ್ಕ ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಓಡಿಸುತ್ತ, ತಾನೂ ನಗಲೋ ಬೇಡವೋ ಎಂಬಂತೆ ತುಟಿಯನ್ನು ಅರ್ಧ ಬಿಚ್ಚಿ, ಏನಂತೆ ಎಂದು ಹುಬ್ಬೆತ್ತುತ್ತಿದ್ದಳು. ಆಗ ಅಮ್ಮ ಎರಡು ಬೆರಳು ಜೋಡಿಸಿ ತನ್ನ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಳು. ಆಮೇಲೆ. ಅಪ್ಪನೂ ಎಸೆಯುತ್ತಿದ್ದರು. ಅವನೂ. ಆ ಮನೆಯಲ್ಲಿ ಉಪ್ಪು, ನೀರು, ಬಾ, ಹೋಗು ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಸನ್ನೆ ಅದೇ ಇರಬೇಕು. ನೆಂಟರು ಬಂದಾಗಲಂತೂ ಎಲ್ಲರ ಬೆರಳುಗಳೂ ಹೆಗಲ ಮೇಲೆಯೇ. ನೆಂಟರು ಹೋದಮೇಲೆ ಅವನು ಅಡಿಗೆಮನೆಯಲ್ಲಿ ಅವಳ ಪಕ್ಕ ನಿಂತು ಹೇಳುತ್ತಿದ್ದ: ಅವರ ಮಗಳಿಗೆ ಮದುವೆಯಂತೆ. ಅಷ್ಟೇನಾ, ಅಷ್ಟು ಹೊತ್ತು ಮಾತಾಡಿದರು ಎಂದು ಅವಳು ಕೇಳಿದರೆ, ಅಷ್ಟೇ. ಅವಳ ಮಾತನ್ನು ಬೇರೆಯವರಿಗೆ ಹೇಳುವಾಗಲೂ ಅದೇ ಲೆಕ್ಕ. ಅವಳು ಎರಡು ಕೈಯಿಂದ ಎಷ್ಟೋ ಹೊತ್ತು ಹೇಳಿದ್ದನ್ನು ಅವನು ನೆಂಟರ ಕಡೆ ತಿರುಗಿ "ಚೆನ್ನಾಗಿದೀನಿ ಅಂತಿದಾಳೆ" ಎನ್ನುತ್ತಿದ್ದ. ನೆಂಟರಿಗೂ ಅಷ್ಟೇ ಬೇಕಾಗಿತ್ತು. ಎಲ್ಲರೂ ಅವನನ್ನು ಜಾಣ ಎನ್ನುತ್ತಿದ್ದರು, ಇವನಿಲ್ಲದಿದ್ದರೆ ಅವಳ ಗತಿ ಏನು ಎನ್ನುತ್ತಿದ್ದರು. ಆ ಮಾತು ಕೇಳಲು ಅವನಿಗೆ ಇಷ್ಟವಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ತುಂಬ ಇಷ್ಟವಿತ್ತು.

ಅದಕ್ಕೇ ಇರಬೇಕು, ಇದೇ ಹಾಲ್‌ಗೆ ಮೊದಲ ಸಲ ಕಾಲಿಟ್ಟ ದಿನ ಅವನು ಹೆಚ್ಚು ಹೊತ್ತು ನಿಲ್ಲಲಾರದೆ ಹೊರಟುಬಂದದ್ದು. ಆಗಿನ್ನೂ ಕಾಲೇಜು. ಅಕ್ಕ ಮರೆತುಹೋದ ಕೊಡೆಯನ್ನು ಕೊಡಲು ಬಂದಿದ್ದ. ಬಾಗಿಲು ನೂಕಿದರೆ ಸದ್ದು ಗೋಡೆಯ ಹಾಗೆ ಎದುರಾಯಿತು. ಹಲ್ಲು, ಪಕ್ಕೆಲುಬು, ಕಾಲಿನ ಕೆಳಗಿನ ನೆಲ ಎಲ್ಲ ನಡುಗಿತು. ಅಂಥ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ, ಯಾರೂ ಬಾಯಿ ತೆರೆಯುತ್ತಲೂ ಇರಲಿಲ್ಲ. ಮಸಿ ಮೆತ್ತಿದ ಗಂಡಸರು ಹಾಲ್‌ನ ಆ ತುದಿಯಿಂದ ಈ ತುದಿಗೆ ಕೈಯಲ್ಲೇ ಕೂಗಾಡುತ್ತಿದ್ದರು, ಕೈಯಲ್ಲೇ ಬೈಯುತ್ತಿದ್ದರು, ನಡುವೆ ಅಕ್ಕ ಕಾಗದದ ಕಟ್ಟಿನ ಮೇಲೆ ಮಂಡಿಯೂರಿ, ತಲೆಯ ಮೇಲೆ ಎರಡೂ ಕೈಯೆತ್ತಿ, ಮನೆಯಲ್ಲಿ ಅವನು ಎಂದೂ ಕಾಣದ ಸನ್ನೆಯಲ್ಲಿ ಏನೋ ಹೇಳಿದಳು. ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಅವನ ಕಡೆ ತಿರುಗಿ ಸನ್ನೆಯಲ್ಲಿ ಏನೋ ಕೇಳಿದರು. ಅವನಿಗೆ ಗೊತ್ತಾಗಲಿಲ್ಲ. ಅಕ್ಕ ನಗುತ್ತಲೇ ಅವರಿಗೆ ಉತ್ತರ ಕೊಟ್ಟಳು, ಅವನ ಪರವಾಗಿ. ಕೊಡೆ ಕೊಟ್ಟು ಹೊರಗೆ ಬಂದವನು ಬಸ್ಸಿಗೆ ಕಾಯುವಾಗ, ಅವಳು ಏನು ಹೇಳಿದಳೋ, ತನ್ನ ಬಗ್ಗೆಯೇ ನಕ್ಕರೋ ಏನೋ ಎಂದು ಕುದಿಯುತ್ತಿದ್ದ. ಒಂದು ಮಧ್ಯಾಹ್ನ ಅವಳ ಜಾಗದಲ್ಲಿ ಅವನು ನಿಂತದ್ದಕ್ಕೇ ಇಷ್ಟು.

ಇದನ್ನೇ ಅವಳು ವಿಡಿಯೋದಲ್ಲಿ ಹೇಳಿದ್ದಳು. ಇಲ್ಲಿ ಎಲ್ಲರೂ ಕಿವುಡರು, ಅದಕ್ಕೇ ನನಗೆ ಇಲ್ಲಿ ಇಷ್ಟ. ಗೇಟು ದಾಟಿದರೆ ಎಲ್ಲರಿಗೂ ಕಿವಿ ಬರುತ್ತಿತ್ತು, ನನಗೊಬ್ಬಳಿಗೇ ಬರುತ್ತಿರಲಿಲ್ಲ. ಮೆಷಿನ್ ನಿಂತ ದಿನ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಅಷ್ಟು ವರ್ಷ ನನ್ನ ಜೊತೆ ಕೈಯಲ್ಲಿ ಮಾತಾಡಿದವರು ಕೈಗಳನ್ನು ಜೇಬಿಗೆ ಹಾಕಿಕೊಂಡು ಒಬ್ಬರಿಗೊಬ್ಬರು ಬಾಯಲ್ಲಿ ಮಾತಾಡಿದರು, ನನ್ನ ಕಡೆ ಯಾರೂ ತಿರುಗಲಿಲ್ಲ, ನಾನು ಅಲ್ಲೇ ನಿಂತಿದ್ದೆ. ಇಷ್ಟನ್ನು ಅವಳು ನಿಧಾನವಾಗಿ, ಒಬ್ಬೊಬ್ಬರ ಜೇಬನ್ನೂ ತೋರಿಸಿ ಹೇಳಿದ್ದಳು. ಅವನ ಗಂಟಲು ಹೇಳಿದ್ದು: "ಮೆಷಿನ್ ನಿಂತ ದಿನ ಎಲ್ಲರಿಗೂ ತುಂಬ ಬೇಜಾರಾಯಿತು." ಚುಟುಕಾಗಿ ಹೇಳಿ, ಜನ ನಿಂತು ಕೇಳಲ್ಲ ಎಂದು ಮೇಡಂ ಹೇಳಿದ್ದು ನಿಜ. ಆದರೆ ಮೇಡಂ ಹೇಳದಿದ್ದರೂ ಅವನು ಅಷ್ಟೇ ಹೇಳುತ್ತಿದ್ದ. ಅವಳು ನಾಲ್ಕು ಜನರೆದುರು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿದರೆ ಅವನಿಗೆ ನಾಚಿಕೆಯಾಗುತ್ತಿತ್ತು, ಚಿಕ್ಕಂದಿನಿಂದಲೂ. ಅವಳ ಮಾತಿಗೆ ಸೋಸಣಿಗೆಯಾಗಿ ಕೂತದ್ದು ಅವಳ ಮಾನ ಕಾಯುವುದಕ್ಕೆ ಎಂದುಕೊಂಡಿದ್ದ. ಕಾದದ್ದು ತನ್ನ ಮಾನವನ್ನು.

ಗುಂಡಿ ಒತ್ತಲಾರದೆ, ಮಾಡಲು ಬೇರೆ ಕೆಲಸವಿಲ್ಲದವನಂತೆ, ವಿಡಿಯೋವನ್ನು ಒಂದೊಂದೇ ಫ್ರೇಮು ಮುಂದೂಡುವ ಚೌಕವೊಂದನ್ನು ಜೋಡಿಸಿಕೊಂಡ. ಬಾಣದ ಗುರುತಿನ ಕೀಲಿ ಒತ್ತಿದಷ್ಟು ಸಲ ಅಕ್ಕ ಒಂದು ಎಳೆಯಷ್ಟು ಕದಲುತ್ತಿದ್ದಳು. ಕೊನೆಯ ಭಾಗಕ್ಕೆ ಹೋದ. ಕಥೆ ಮುಗಿಸಿದ ಅವಳು ಕ್ಯಾಮೆರಾವನ್ನು ಬಿಟ್ಟು, ಅದರ ಹಿಂದೆ ನಿಂತಿದ್ದ ಅವನನ್ನು ನೋಡುತ್ತಾಳೆ. ಬೆರಳಿನಿಂದ ಹೆಗಲನ್ನು ತಟ್ಟುತ್ತಾಳೆ, ಅದು ಅವನ ಹೆಸರು. ಮಗುವಾಗಿದ್ದಾಗ ಅವಳ ಹೆಗಲಿನಿಂದ ಇಳಿಯುತ್ತಿರಲಿಲ್ಲವಂತೆ, ಅದಕ್ಕೇ ಹೆಗಲು ಎಂದು ಅಮ್ಮ ಹೇಳಿದ್ದಳು. ಅವನ ನಿಜವಾದ ಹೆಸರನ್ನು ಅಕ್ಕ ಎಂದೂ ಕೇಳಿದವಳಲ್ಲ. ಅವಳ ಪ್ರಪಂಚದಲ್ಲಿ ಅವನು ಹೆಗಲು. ಎಂಥ ಹೆಸರು ಎಂದು ಒಳಗೊಳಗೇ ಎಷ್ಟು ಸಲ ಬೀಗಿದ್ದ. ಒಂದು ಫ್ರೇಮು, ಇನ್ನೊಂದು. ಎರಡು ಬೆರಳು ಜೋಡಿಕೊಂಡು ಮೇಲೆ ಬರುತ್ತಿವೆ. ಇನ್ನೊಂದು. ಹೆಗಲ ಹತ್ತಿರ ಬಂದವು. ಮುಟ್ಟಲಿಲ್ಲ. ಬೆರಳಿಗೂ ಹೆಗಲಿಗೂ ನಡುವೆ ಹಿಂದಿನ ಗೋಡೆಯ ಬಿಳಿ ಸಣ್ಣ ಗೀಟಿನಂತೆ ಕಾಣುತ್ತಿತ್ತು. ಇನ್ನೊಂದು. ಬೆರಳುಗಳು ಹೆಗಲನ್ನು ದಾಟಿ ಹಿಂದಕ್ಕೆ ಹೋದವು, ಅಲ್ಲಿ ಬಿಚ್ಚಿಕೊಂಡವು, ಏನನ್ನೋ ಎಸೆದವು. ತಪ್ಪು ನೋಡಿರಬೇಕು ಎಂದು ಹಿಂದಕ್ಕೆ ಹೋಗಿ ಮತ್ತೆ ನೋಡಿದ. ವಿಡಿಯೋದ ಮೊದಲಲ್ಲಿ ಅವನ ಹೆಸರು ಬರುವ ಕಡೆ ಹೋಗಿ ನೋಡಿದ, ನಡುವೆ ಬರುವ ಕಡೆ ನೋಡಿದ. ಎಲ್ಲೂ ತಟ್ಟಲಿಲ್ಲ. ಅವಳು ಅಷ್ಟು ಬೇಗ ಮಾಡುತ್ತಿದ್ದಳು, ಅವನು ಅಷ್ಟು ಮೇಲೆ ಮೇಲೆ ನೋಡುತ್ತಿದ್ದ, ಅಷ್ಟೇ. ಹೆಗಲು ಎಂದು ಅವಳು ಅವನನ್ನು ಯಾವತ್ತೂ ಕರೆದಿರಲಿಲ್ಲ. ಇಡೀ ಜೀವಮಾನ ಅವಳು ಅವನನ್ನು ಆಮೇಲೆ ಎಂದು ಕರೆದಿದ್ದಳು.

ಅಮ್ಮನಿಗೆ ಗೊತ್ತಿತ್ತೇ? ಗೊತ್ತಿದ್ದೇ ಹೆಗಲಿನ ಕಥೆ ಕಟ್ಟಿದ್ದಳೇ? ಕೇಳೋಣವೆಂದರೆ ಅಮ್ಮ ಇಲ್ಲ. ಅವನು ಕುರ್ಚಿಯಿಂದ ಎದ್ದು, ಏಣಿಯ ಮೇಲಿನವನು ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ತನ್ನ ಎರಡು ಬೆರಳನ್ನು ತನ್ನ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಎಷ್ಟು ಸಲೀಸಾಗಿ ಬಂತು. ಊಟದ ಡಬ್ಬಿ ತಂದಿದ್ದ, ಅದನ್ನು ಬಿಚ್ಚಲಿಲ್ಲ. ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿ, ಧ್ವನಿಯ ಗುಂಡಿಯನ್ನೇ ಒತ್ತಿದ. ಅದರಲ್ಲಿ ಆ ಬೆರಳುಗಳು ಹೆಗಲ ಹತ್ತಿರ ಬಂದು, ಅಲ್ಲಿಂದ ಮಾಯವಾಗಿ, ನೇರ ಸೊಂಟದ ಹತ್ತಿರ ಕಾಣಿಸಿಕೊಂಡವು. ಎಸೆದದ್ದು ಎಲ್ಲೂ ಇಲ್ಲ. ಈ ಗುಂಡಿಯನ್ನೇ ಇಟ್ಟುಬಿಟ್ಟರೆ ನಾಳೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಕ್ಕನ ಪರದೆ ಉಳಿಯುತ್ತದೆ, ಮೇಡಂ ಬೆನ್ನು ತಟ್ಟುತ್ತಾರೆ. ಹಾಗೇ ಆಡುತ್ತಿರಲಿ ಎಂದು ಬಿಟ್ಟು ಮುಖ ತೊಳೆಯಲು ಹೋದ.

ಬರುವಷ್ಟರಲ್ಲಿ ಅಕ್ಕ ಹಾಲ್‌ನಲ್ಲಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿದು ಕಟ್ಟಿದ ನರೆಗೂದಲು, ಕೈಯಲ್ಲಿ ಚಪ್ಪಲಿ. ಕಟ್ಟು ಕಟ್ಟುತ್ತಿದ್ದ ಜಾಗವನ್ನು ಕುಳಿಗಳ ಗುರುತು ಹಿಡಿದು ಹುಡುಕಿ, ಅಲ್ಲಿ ಬರಿಗಾಲಲ್ಲಿ ನಿಂತಿದ್ದಳು. ನೆಲದಿಂದ ಏನೂ ಬರುತ್ತಿರಲಿಲ್ಲ ಎಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಅವಳ ಕಣ್ಣು ಗೋಡೆಯ ಮೇಲಿನ ತನ್ನ ಮೇಲೆಯೇ ನೆಟ್ಟಿತು. ಅವನ ಗಂಟಲು ಹಿತವಾಗಿ, ಬಿಡುವಿಲ್ಲದೆ ಮಾತಾಡುತ್ತಿತ್ತು, ಅದು ಅವಳಿಗಿಲ್ಲ. ಅವಳಿಗಿದ್ದದ್ದು ಕೈಗಳು ಮಾತ್ರ. ಅವಳು ಅವನನ್ನು ಕಂಡು, ಚಪ್ಪಲಿ ಕೆಳಗಿಟ್ಟು, ಕೈಯಲ್ಲಿ ಕೇಳಿದಳು.

"ನನ್ನ ಕೈ ಯಾಕೋ ತೊದಲ್ತಿದೆ?"

"ಮೆಷಿನ್ ಸಣ್ಣದು ಅಕ್ಕ. ಓಡಿಸೋಕಾಗ್ದೆ ಮಧ್ಯ ಮಧ್ಯ ಬಿಡ್ತಿದೆ," ಎಂದು ಅವನ ಕೈ ಹೇಳಿತು. ಸುಳ್ಳಲ್ಲ, ನಿಜವೂ ಅಲ್ಲ.

"ಅವರದೆಲ್ಲ ಚೆನ್ನಾಗಿ ಓಡ್ತಿದೆಯಲ್ಲ." ಅವಳು ಉಳಿದ ಪರದೆಗಳ ಕಡೆ ಗಲ್ಲ ಎತ್ತಿದಳು. ಅವನು ಧ್ವನಿ ಮುಚ್ಚಿಟ್ಟಿದ್ದ ಆ ಪರದೆಗಳಲ್ಲಿ ಅವಳ ಹಳೆಯ ಜೊತೆಗಾರರು ಕೈಕಟ್ಟಿಕೊಂಡು ಬಾಯಾಡಿಸುತ್ತಿದ್ದರು.

ಅವನಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. "ನನ್ನ ಹೆಸರು ಯಾಕೆ ಹೀಗೆ?" ಎಂದು ಕೇಳಿ, ಹೆಗಲ ಮೇಲಿಂದ ಬೆರಳು ಎಸೆದು ತೋರಿಸಿದ.

ಅವಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿನಗೆ ಗೊತ್ತಿರ್ಲಿಲ್ವಾ? ಇಷ್ಟು ದೊಡ್ಡವನಾಗಿದೀಯ!" ಬೈಗುಳವಿಲ್ಲ, ಮುನಿಸಿಲ್ಲ; ಮೂಗು ಉದ್ದ ಇದ್ದವನಿಗೆ ನಿನ್ನ ಮೂಗು ಉದ್ದ ಎಂದು ಹೇಳುವ ಹಾಗೆ. ಅದೇ ಅವನಿಗೆ ನಾಟಿತು. "ಎಲ್ಲರೂ ಆಮೇಲೆ ಅಂತಿದ್ರು. ಅಂದು ಮರೆತುಬಿಡ್ತಿದ್ರು. ನೀನೊಬ್ಬ ಆಮೇಲೆ ಬರ್ತಿದ್ದೆ. ಅಡಿಗೆಮನೆಗೆ. ಅದಕ್ಕೇ ಆ ಹೆಸರು ನಿನಗೆ." ಹೆಬ್ಬೆರಳಿನಿಂದ ತೋರುಬೆರಳನ್ನು ಅರ್ಧಕ್ಕೆ ಒತ್ತಿ ಹಿಡಿದು ಸೇರಿಸಿದಳು, "ಅರ್ಧ ಹೇಳ್ತಿದ್ದೆ."

"ವಿಡಿಯೋ ಕೊನೇಲಿ ನನ್ನ ಹೆಸರು ಕರೆದೆಯಾ, ಇಲ್ಲ ಆಮೇಲೆ ಎಲ್ಲ ಹೇಳು ಅಂದೆಯಾ?"

"ಎರಡೂ ಒಂದೇ ಅಲ್ವಾ?" ಎಂದಳು. ಆಮೇಲೆ ಅವಳ ಮುಖದಿಂದ ನಗು ಇಳಿಯಿತು. "ಹೇಳಿದೀಯಾ? ಎಲ್ಲ?"

ಅವಳಿಗೆ ಕೇಳದ ಅವನ ಗಂಟಲು ಆಗ ಸರಿಯಾಗಿ "ಅಷ್ಟೇ, ನಮಸ್ಕಾರ" ಎಂದು ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿತು. ಹೌದು ಎಂದುಬಿಡಬಹುದಾಗಿತ್ತು. ಅವಳಿಗೆ ಪರೀಕ್ಷೆ ಮಾಡುವ ದಾರಿಯೇ ಇರಲಿಲ್ಲ, ಎಂದೂ ಇರಲಿಲ್ಲ. ಅವನ ತಲೆ ಅಡ್ಡಡ್ಡ ಆಡಿತು. "ಇಲ್ಲ ಅಕ್ಕ."

"ಜೇಬು?"

"ಇಲ್ಲ."

ಅವಳು ಗೋಡೆಯ ಕಡೆ ನೋಡಿದಳು, ತನ್ನ ಕೈಗಳು ಹಾರುವುದನ್ನು, ಮತ್ತೆ ಅವನ ಕಡೆ. "ಅಂದ್ರೆ ಮೆಷಿನ್ ಸಣ್ಣದಲ್ಲ. ನಿನ್ನ ಮಾತು ಸಣ್ಣದು. ಅದಕ್ಕೆ ಸರಿಯಾಗ್ಲಿ ಅಂತ ನನ್ನ ಕೈ ಓಡಿಸ್ತಿದೀಯ," ಎಂದಳು. ಹೇಳಿ ಕಣ್ಣು ಮುಚ್ಚಿದಳು. ಚಿಕ್ಕಂದಿನಿಂದ ಅವಳಿಗಿದ್ದ ಒಂದೇ ಆಯುಧ ಅದು. ಅವಳು ಕಣ್ಣು ಮುಚ್ಚಿದರೆ ಪ್ರಪಂಚದಲ್ಲಿ ಯಾರೂ ಅವಳಿಗೆ ಏನನ್ನೂ ಹೇಳುವಂತಿರಲಿಲ್ಲ. ಅಪ್ಪ ಆ ಕಣ್ಣುಗಳ ಎದುರು ಕೂಗಾಡಿ ಸೋತಿದ್ದರು. ಅವನು ಎರಡು ಕೈಗಳನ್ನೂ ಎತ್ತಿಕೊಂಡು, ಹೇಳಬೇಕಾದದ್ದೆಲ್ಲ ಬೆರಳ ತುದಿಗೆ ಬಂದು ನಿಂತಿದ್ದರೂ, ಮುಚ್ಚಿದ ರೆಪ್ಪೆಗಳ ಮುಂದೆ ಪೆದ್ದನಂತೆ ನಿಂತಿದ್ದ. ಏಣಿಯ ಮೇಲಿನವನು ಕೆಳಗಿಳಿದು, ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ಇವರ ಕಡೆ ನೋಡದೆ ಹೊರಗೆ ಹೋದ. ಅವಳ ತೋಳು ಹಿಡಿದು ಅಲುಗಿಸಬಹುದಾಗಿತ್ತು. ಮನೆಯಲ್ಲಿ ಹಾಗೇ ಮಾಡುತ್ತಿದ್ದರು. ಅವನು ಮಾಡಲಿಲ್ಲ. ಕೈಗಳನ್ನು ಇಳಿಸಿ, ಕಂಪ್ಯೂಟರಿನ ಹತ್ತಿರ ಹೋಗಿ, ಚಿತ್ರ ಎಂಬ ಗುಂಡಿಯನ್ನು ಒತ್ತಿ, ವಾಪಸು ಬಂದು ಅವಳ ಎದುರಿಗೆ ನಿಂತು ಕಾದ. ಕಾಯುವುದು ಇಷ್ಟು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಬ್ಬಳಿಗೆ ಗೊತ್ತಿತ್ತು.

ಅವಳು ಕಣ್ಣು ತೆರೆದಾಗ ಗೋಡೆಯ ಮೇಲೆ ಅವಳ ಕೈಗಳು ತಮ್ಮ ಗತಿಯಲ್ಲಿ, ಒಂದು ಕದಲಿಕೆಯೂ ತಪ್ಪದೆ, ಒಬ್ಬೊಬ್ಬರ ಜೇಬನ್ನೂ ತೋರಿಸುತ್ತಿದ್ದವು. ಹಾಲ್ ಪೂರ್ತಿ ಸದ್ದಿಲ್ಲದೆ ಇತ್ತು, ಅವಳಿಗೆ ಅದರಲ್ಲೇನೂ ಹೊಸದಿಲ್ಲ. ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳದೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಮೊದಲ ಸಲ ನೋಡುವವಳಂತೆ ತನ್ನನ್ನೇ ನೋಡತೊಡಗಿದಳು.

ಮೇಡಂ ಬಂದದ್ದು ಆಗ. ಅಕ್ಕನಿಗೆ ಕೈಮುಗಿದು, ಪರದೆಯ ಎದುರು ನಿಂತರು. ಮೌನ ಬಂದಾಗ ಒಮ್ಮೆ ಕೆಮ್ಮಿದರು, ಒಮ್ಮೆ ಸ್ಪೀಕರಿನ ಕಡೆ ನೋಡಿದರು, ಒಮ್ಮೆ ಅವನ ಕಡೆ ನೋಡಿದರು. ಹಳೇ ಫೋಟೋ ಹಾಕೋಣ ಎನ್ನುತ್ತಾರೆ, ಈಗ ಎನ್ನುತ್ತಾರೆ. ತನ್ನ ಮೌನವನ್ನು ಊರಿಗೆಲ್ಲ ತೋರಿಸುವ ಹಟಕ್ಕೆ ಬಿದ್ದು ಅಕ್ಕನ ಪರದೆಯನ್ನೇ ಕಳೆದೆನಲ್ಲ, ಇದೂ ತನ್ನ ದೊಡ್ಡಸ್ತಿಕೆಯೇ ಇರಬೇಕು ಎಂದು ಹೆದರಿದ. ನಡುವೆ ಯಾವುದೋ ಗಳಿಗೆಯಲ್ಲಿ ಮೇಡಂ ಸ್ಪೀಕರಿನ ಕಡೆ ನೋಡುವುದನ್ನು ಬಿಟ್ಟಿದ್ದರು. ಯಾರದೋ ನಡಿಗೆಯನ್ನು ಅಕ್ಕನ ಎರಡು ಬೆರಳು ಅಣಕಿಸಿದಾಗ ಅವರ ತುಟಿ ಅರ್ಧ ಬಿಚ್ಚಿಕೊಂಡಿತು, ನಗಲೋ ಬೇಡವೋ ಎಂಬಂತೆ. ಆ ಮುಖವನ್ನು ಅವನು ಎಲ್ಲೋ ನೋಡಿದ್ದ. ಊಟದ ಹೊತ್ತಿನಲ್ಲಿ, ಎದುರು ಸಾಲಿನಲ್ಲಿ.

ವಿಡಿಯೋ ಮುಗಿಯಿತು. "ಇವರು ಇಷ್ಟೊಂದು ಹೇಳಿದಾರಲ್ರೀ," ಎಂದರು ಮೇಡಂ. "ನೀವು ನನಗೆ ಅಷ್ಟೇ ಹೇಳಿದ್ರಿ."

"ಹೌದು ಮೇಡಂ. ಮತ್ತೆ ಕೂತು ಪೂರ್ತಿ ಹೇಳ್ತೀನಿ, ಹೊಸದಾಗಿ ರೆಕಾರ್ಡ್ ಮಾಡೋಣ. ನಾಳೆಗೆ ಆಗಲ್ಲ."

ಅವರು ಮತ್ತೊಮ್ಮೆ ಪರದೆಯ ಕಡೆ ನೋಡಿದರು. "ನಾಳೆಗೆ ಹೀಗೇ ಇರ್ಲಿ. ಕೆಟ್ಟಿದೆ ಅಂತ ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ನೀವೇ ಉತ್ತರ ಕೊಡ್ಬೇಕು, ನಾನಂತೂ ಕೊಡಲ್ಲ." ಬಾಗಿಲಿನ ತನಕ ಹೋಗಿ ತಿರುಗಿ ನಿಂತರು. "ಅಂದಹಾಗೆ ಕೊನೇಲಿ ಹೆಗಲ ಹತ್ರ ಹೀಗೆ ಮಾಡಿದ್ರಲ್ಲ, ಅದೇನು?"

"ನನ್ನ ಹೆಸರು."

"ಓ, ಹೆಸರೂ ಇದೆಯಾ! ಏನು ಅರ್ಥ ಅದಕ್ಕೆ?"

"ಆಮೇಲೆ," ಎಂದ.

"ಆಮೇಲೆ ಯಾಕ್ರೀ, ಈಗ್ಲೇ ಹೇಳಿ."

ಅಕ್ಕ ಸ್ಟೂಲಿನಿಂದ ಎದ್ದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಓಡಿಸುತ್ತಿದ್ದಳು. ಏನಂತೆ ಎಂದು ಹುಬ್ಬೆತ್ತಿದಳು. ಅವನ ಬಲಗೈ ಅವನನ್ನು ಕೇಳದೆಯೇ ಮೇಲೆದ್ದಿತ್ತು, ಎರಡು ಬೆರಳು ಜೋಡಿಕೊಂಡು ಹೆಗಲ ಹತ್ತಿರ ಬಂದಿದ್ದವು. ಅಲ್ಲೇ ನಿಲ್ಲಿಸಿದ. "ಒಂದ್ನಿಮಿಷ ಇರಿ ಮೇಡಂ," ಎಂದು, ಅವರಿಗೆ ಬೆನ್ನು ಮಾಡಿ ಅಕ್ಕನ ಕಡೆ ತಿರುಗಿ, ಮೇಡಂ ಏನು ಕೇಳಿದರು, ತಾನು ಏನು ಹೇಳಿದೆ, ಅದನ್ನು ಅವರು ಹೇಗೆ ತಿಳಿದುಕೊಂಡರು ಎಂಬುದನ್ನು ಮೊದಲಿನಿಂದ, ಒಂದನ್ನೂ ಬಿಡದೆ, ಎರಡೂ ಕೈಯಿಂದ ಹೇಳತೊಡಗಿದ. ಮೇಡಂ ಬಾಗಿಲ ಬಳಿ ಕಾಯುತ್ತ ನಿಂತರು.